ನಾಲ್ಕೂ ಚಕ್ರ ಎಳೆಯುವ ಪ್ಯೂಜೊ

ಪ್ಯೂಜೊ 504 ದಾಂಜೆಲ್ ಫ್ರಾನ್ಸಿನ ಪೂರ್ವದಂಚಿನ ಅಲ್ಸಾಸ್ ಸೀಮೆಯಲ್ಲಿ ಹುಟ್ಟಿದ ವಾಹನ. ಮಾಮೂಲಿ ಪ್ಯೂಜೊ 504 ಸ್ಟೇಷನ್ ವ್ಯಾಗನ್ ಮತ್ತು ಪಿಕಪ್‌ಗಳನ್ನು ತೆಗೆದುಕೊಂಡು, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಮುಟ್ಟುವಂತೆ ಅಲ್ಲಿನ ಒಂದು ಸಣ್ಣ ಕಂಪನಿ ಮಾರ್ಪಡಿಸುತ್ತಿತ್ತು. ಆ ಕಂಪನಿಯ ಹೆಸರೇ ದಾಂಜೆಲ್. ದೊಡ್ಡ ಕಾರ್ಖಾನೆ ಕೈಹಾಕದೆ ಬಿಟ್ಟ ಕೆಲಸವನ್ನು ಊರಿನ ವರ್ಕ್‌ಶಾಪೊಂದು ಎಷ್ಟು ಅಚ್ಚುಕಟ್ಟಾಗಿ ಮಾಡಬಲ್ಲದು ಎಂಬುದಕ್ಕೆ ಮೋಟಾರು ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇಂದು ಇಂಥ ಕಾರುಗಳು ಅಪರೂಪ. ಎದುರಿಗೇ ನಿಂತಿದ್ದರೂ ಅನೇಕರು ಗುರುತಿಸದೆ ಮುಂದೆ ಹೋಗಿಬಿಡುತ್ತಾರೆ, ಏಕೆಂದರೆ ಅದರ ವಿಶೇಷವೆಲ್ಲ ಇರುವುದು ಕಾರಿನ ಹೊಟ್ಟೆಯ ಕೆಳಗೆ.

ಈ ಮಾರ್ಪಾಡನ್ನು ಅರ್ಥಮಾಡಿಕೊಳ್ಳಲು ಮೊದಲು ಮೂಲ ಕಾರನ್ನು ತಿಳಿಯಬೇಕು. ಪ್ಯೂಜೊ 504 ಮಾರುಕಟ್ಟೆಗೆ ಬಂದದ್ದು 1968ರಲ್ಲಿ. ಅದರ ಮೈಕಟ್ಟನ್ನು ರೂಪಿಸಿದ್ದು ಇಟಲಿಯ ಪಿನಿನ್‌ಫರೀನಾ ಸಂಸ್ಥೆ. 1969ರ ಯುರೋಪಿನ ವರ್ಷದ ಕಾರು ಪ್ರಶಸ್ತಿ ಇದಕ್ಕೇ ಸಂದಿತು. ಎಂಜಿನ್ ಮುಂದೆ, ಉದ್ದಕ್ಕೆ ಮಲಗಿದೆ. ಎಳೆಯುವ ಕೆಲಸ ಹಿಂದಿನ ಚಕ್ರಗಳದ್ದು. ಮೊದಲು 1,796 ಸಿಸಿ, ಬಳಿಕ 1,971 ಸಿಸಿಯ ಪೆಟ್ರೋಲ್ ಎಂಜಿನ್ ಬಂದವು. ಮುಂದೆ ಡೀಸೆಲ್ ಕೂಡ ಸೇರಿಕೊಂಡಿತು. ವ್ಯಾಗನ್ ಮಾದರಿಯನ್ನು ಸೆಡಾನ್‌ಗಿಂತ ಸುಮಾರು 16 ಸೆಂಟಿಮೀಟರ್ ಹೆಚ್ಚು ವೀಲ್‌ಬೇಸ್ ಕೊಟ್ಟು ಉದ್ದ ಮಾಡಲಾಗಿತ್ತು. ಹೊರೆ ತಡೆಯಲೆಂದು ಅದರ ಹಿಂಭಾಗಕ್ಕೆ ಗಟ್ಟಿ ಆಕ್ಸಲ್ಲು, ಒಂದೊಂದು ಬದಿಗೆ ಎರಡೆರಡು ಕಾಯಿಲ್ ಸ್ಪ್ರಿಂಗ್. ಪಿಕಪ್‌ಗೆ ಕಮಾನು ಪಟ್ಟಿ.

504ರ ಹೆಸರು ಬೆಳೆದದ್ದು ಕೆಟ್ಟ ರಸ್ತೆಗಳ ಮೇಲೆ. ಸಸ್ಪೆನ್ಷನ್ ಮೆತ್ತಗೆ, ಚಕ್ರ ಮೇಲಕ್ಕೂ ಕೆಳಕ್ಕೂ ಆಡಲು ಬೇಕಾದಷ್ಟು ಜಾಗ, ಕೆಟ್ಟರೆ ಎಲ್ಲಿ ಬೇಕಾದರೂ ರಿಪೇರಿ ಆಗುವಂಥ ಸರಳ ಯಂತ್ರ. ಕೀನ್ಯಾದ ಮಣ್ಣಿನ ದಾರಿಗಳಲ್ಲಿ ನಡೆಯುವ ಸಫಾರಿ ರ್‍ಯಾಲಿಯನ್ನು 1975ರಲ್ಲಿ ಓವೆ ಆಂಡರ್ಸನ್ 504 ಸೆಡಾನ್‌ನಲ್ಲಿ ಗೆದ್ದರು. 1978ರಲ್ಲಿ ಜಾನ್ ಪಿಯೆರ್ ನಿಕೋಲಾ ಆರು ಸಿಲಿಂಡರಿನ 504 ಕೂಪೆಯಲ್ಲಿ ಗೆದ್ದರು. ನೈಜೀರಿಯಾದ ಕಡೂನಾದಲ್ಲಿ 1975ರಲ್ಲಿ ಇದರ ಜೋಡಣಾ ಕಾರ್ಖಾನೆಯೇ ಶುರುವಾಯಿತು. ಪಶ್ಚಿಮ ಆಫ್ರಿಕದ ಊರೂರಿಗೆ ಜನ ಹೊತ್ತು ಓಡಾಡಿದ್ದು 504 ವ್ಯಾಗನ್‌ಗಳೇ.

ಇಷ್ಟೆಲ್ಲ ಇದ್ದರೂ ಒಂದು ಕೊರತೆ ಉಳಿದೇ ಇತ್ತು. ಹಿಂದಿನ ಚಕ್ರಗಳಷ್ಟೇ ತಳ್ಳುವ ವ್ಯಾಗನ್ ಖಾಲಿ ಇದ್ದಾಗ ಹಿಂಭಾಗದ ಮೇಲೆ ಭಾರ ಸಾಲುವುದಿಲ್ಲ. ಹಿಮ, ಕೆಸರು, ಒದ್ದೆ ಹುಲ್ಲು ಸಿಕ್ಕರೆ ಚಕ್ರ ನಿಂತಲ್ಲೇ ಸುತ್ತುತ್ತದೆ. ಜೀಪು ಅಥವಾ ಲ್ಯಾಂಡ್‌ರೋವರ್ ಕೊಂಡರೆ ಆ ತೊಂದರೆ ತಪ್ಪುತ್ತಿತ್ತಾದರೂ, ಅಂದಿನ ಜೀಪುಗಳಲ್ಲಿ ದೂರದ ಪ್ರಯಾಣ ಬೆನ್ನಿಗೂ ಕಿವಿಗೂ ಹಿಂಸೆ. ಕುಟುಂಬದ ಕಾರಿನ ಸುಖ ಮತ್ತು ಜೀಪಿನ ಹಿಡಿತ ಎರಡೂ ಒಂದೇ ವಾಹನದಲ್ಲಿ ಬೇಕೆನ್ನುವವರಿಗೆ ಪ್ಯೂಜೊದ ಪಟ್ಟಿಯಲ್ಲಿ ಏನೂ ಇರಲಿಲ್ಲ.

ಆ ಜಾಗವನ್ನು ಕಂಡುಕೊಂಡವರು ಆನ್ರಿ ದಾಂಜೆಲ್. 1970ರ ದಶಕದಲ್ಲಿ ರೇಸಿಂಗ್ ಕಾರುಗಳನ್ನು ಸ್ವತಃ ಕಟ್ಟಿ ಪಳಗಿದ್ದ ಎಂಜಿನಿಯರ್ ಅವರು. 1980ರಲ್ಲಿ ತಮ್ಮ ಹೆಸರಿನಲ್ಲೇ ಕಂಪನಿ ತೆರೆದರು. ಮುಂದೆ ಕಂಪನಿ ನೆಲೆಯೂರಿದ ಸೆಂಟೈಮ್, ವೋಜ್ ಬೆಟ್ಟಗಳ ಬುಡದಲ್ಲಿರುವ ಚಿಕ್ಕ ಊರು. ಈ ಸ್ಥಳಕ್ಕೂ ಈ ಕಾರಿಗೂ ಇರುವ ನಂಟು ಆಕಸ್ಮಿಕವಲ್ಲ. ಹತ್ತಿರದ ಮುಲೂಜ್ ಪಟ್ಟಣದಲ್ಲಿ ಪ್ಯೂಜೊ ಕಾರ್ಖಾನೆಯೇ ಇದೆ; ಕಂಪನಿಯ ತವರಾದ ಸೋಶೊ ಕೂಡ ದೂರವಿಲ್ಲ. ಆಚೆ ತಲೆ ಎತ್ತಿದರೆ ಚಳಿಗಾಲವಿಡೀ ಹಿಮ ಹೊದ್ದ ಗುಡ್ಡಗಳು, ಕಾಡು, ಕಡಿದಾದ ತೋಟದ ದಾರಿಗಳು. ಕಾರಿನ ಮೂಲವೂ ಅದರ ಅಗತ್ಯವೂ ಒಂದೇ ಕಣಿವೆಯಲ್ಲಿದ್ದವು. ಮುಲೂಜ್‌ನ ಮೋಟಾರು ಪ್ರೀತಿ ಎಂಥದೆಂದರೆ, ಶ್ಲುಂಪ್ ಸಹೋದರರು ಕೂಡಿಹಾಕಿದ್ದ ಹಳೆಯ ಕಾರುಗಳ ಭಾರಿ ಸಂಗ್ರಹ 1982ರಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡದ್ದೂ ಅಲ್ಲೇ.

ಹಿಂದಿನ ಚಕ್ರ ಓಡಿಸುವ ಕಾರಿಗೆ ಮುಂದಿನ ಚಕ್ರದ ಓಟ ಸೇರಿಸುವುದು ಹೇಳಿದಷ್ಟು ಸುಲಭವಲ್ಲ. 504ರಲ್ಲಿ ಬಲ ಎಂಜಿನ್‌ನಿಂದ ಗೇರ್‌ಬಾಕ್ಸಿಗೆ, ಅಲ್ಲಿಂದ ಶಾಫ್ಟಿನ ಮೂಲಕ ಹಿಂದಿನ ಡಿಫರೆನ್ಷಿಯಲ್ಲಿಗೆ ನೇರವಾಗಿ ಹೋಗುತ್ತದೆ. ಇದೇ ದಾರಿಯಲ್ಲಿ, ಗೇರ್‌ಬಾಕ್ಸಿನ ಹಿಂದೆ, ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಬರಬೇಕು. ಅದು ಬಂದ ಬಲವನ್ನು ಎರಡು ಪಾಲು ಮಾಡಿ ಒಂದನ್ನು ಹಿಂದಕ್ಕೆ, ಇನ್ನೊಂದನ್ನು ಬೇರೊಂದು ಶಾಫ್ಟಿನ ಮೂಲಕ ಮುಂದಕ್ಕೆ ಕಳಿಸುತ್ತದೆ. ಇಲ್ಲಿಯವರೆಗೆ ಎಲ್ಲ ಲೆಕ್ಕದಂತೆ. ಕಷ್ಟ ಶುರುವಾಗುವುದು ಮುಂದಿನ ಚಕ್ರಗಳ ನಡುವೆ.

ಅಲ್ಲಿ ಆಗಲೇ ಎಂಜಿನ್ ಕೂತಿದೆ. ಅದರ ಕೆಳಗೆ ಆಯಿಲ್ ಸಂಪು, ಅದರಡಿಗೆ ಸಸ್ಪೆನ್ಷನ್ ಹೊತ್ತ ಅಡ್ಡತೊಲೆ, ಪಕ್ಕದಲ್ಲಿ ಸ್ಟೇರಿಂಗ್ ರ್‍ಯಾಕ್, ಸೈಲೆನ್ಸರಿನ ಕೊಳವೆ. ಈ ಇಕ್ಕಟ್ಟಿನಲ್ಲಿ ಒಂದು ಡಿಫರೆನ್ಷಿಯಲ್ ಹೌಸಿಂಗ್ ತೂರಿಸಿ, ಅದರ ಎರಡು ಬದಿಯಿಂದ ಚಕ್ರಗಳಿಗೆ ಶಾಫ್ಟ್ ಹಾಯಿಸಬೇಕು. 504ರ ಪೆಟ್ರೋಲ್ ಎಂಜಿನ್ ನೆಟ್ಟಗೆ ನಿಲ್ಲದೆ ಒಂದು ಮಗ್ಗುಲಿಗೆ 45 ಡಿಗ್ರಿ ವಾಲಿಕೊಂಡಿರುತ್ತದೆ. ಹಾಗಾಗಿ ಅದರ ಕೆಳಗಿನ ಜಾಗದ ಆಕಾರವೇ ಬೇರೆ. ಬೇರೆ ಯಾವುದೋ ಜೀಪಿನ ಮುಂದಿನ ಆಕ್ಸಲ್ ತಂದು ಬಿಗಿದರೆ ಕೆಲಸ ನಡೆಯದು. ದೊಡ್ಡ ಕಂಪನಿಗೆ ಇಂಥ ಕೆಲಸ ಹಿಡಿಸದಿರುವುದಕ್ಕೆ ಕಾರಣವೂ ಇದೇ. ಕೆಲವೇ ಕಾರುಗಳಿಗಾಗಿ ಹೊಸ ಎರಕ, ಹೊಸ ಅಡ್ಡತೊಲೆ, ಹೊಸ ಶಾಫ್ಟು ಎಂದು ಕೂತರೆ ಜೋಡಣೆಯ ಸಾಲೇ ನಿಂತುಹೋಗುತ್ತದೆ.

ಹಬ್‌ನ ಸಂಗತಿಯೂ ಇಷ್ಟೇ ಮುಖ್ಯ. ಹಿಂದಿನ ಚಕ್ರ ಓಡುವ ಕಾರಿನಲ್ಲಿ ಮುಂದಿನ ಚಕ್ರಕ್ಕೆ ತಿರುಗುವುದಷ್ಟೇ ಕೆಲಸ. ಒಂದು ಗಟ್ಟಿ ಕಂಬಿಯ ಸುತ್ತ ಬೇರಿಂಗಿನ ಮೇಲೆ ಅದು ಉರುಳುತ್ತದೆ. ಅದೇ ಚಕ್ರವನ್ನು ಎಂಜಿನ್ ಓಡಿಸಬೇಕಾದರೆ ಆ ಕಂಬಿಯ ಬದಲು ಟೊಳ್ಳಾದ ಹಬ್ ಬೇಕು. ಅದರ ನಡುವಿನಿಂದ ಶಾಫ್ಟ್ ಹೊರಬರಬೇಕು. ಜೊತೆಗೆ ಆ ಚಕ್ರ ಎಡಕ್ಕೂ ಬಲಕ್ಕೂ ತಿರುಗುತ್ತದೆ, ಗುಂಡಿ ಸಿಕ್ಕರೆ ಮೇಲೆ ಕೆಳಗೆ ಆಡುತ್ತದೆ. ಯಾವ ಕೋನದಲ್ಲಿದ್ದರೂ ಶಾಫ್ಟಿನ ವೇಗ ಏರುಪೇರಾಗದಂತೆ ಸಿವಿ ಜಾಯಿಂಟ್ ಕೂರಿಸಬೇಕು, ಅದಕ್ಕೆ ಗ್ರೀಸ್ ತುಂಬಿ ರಬ್ಬರ್ ಬೂಟ್ ಹಾಕಬೇಕು. ಕಾರು ಮೇಲೆದ್ದಷ್ಟೂ ಶಾಫ್ಟಿನ ಕೋನ ಕಡಿದಾಗುತ್ತದೆ, ಜಾಯಿಂಟಿನ ಆಯುಸ್ಸು ಕಡಿಮೆಯಾಗುತ್ತದೆ. ಎಷ್ಟು ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನದಲ್ಲೇ ಪರಿವರ್ತನೆ ಮಾಡುವವನ ಕೈಚಳಕ ಕಾಣುವುದು. ಎತ್ತರ ಹೆಚ್ಚಿದರೆ ಬ್ರೇಕಿನ ಹೋಸ್ ಉದ್ದ ಬೇಕು, ಸ್ಟೇರಿಂಗಿನ ಕೋನ ಸರಿಪಡಿಸಬೇಕು. ಒಂದನ್ನು ಮುಟ್ಟಿದರೆ ಹತ್ತು ಅಲುಗುತ್ತವೆ.

ಇನ್ನು ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಬದಿಯ ಚಕ್ರ ಹೆಚ್ಚು ದೂರ ಉರುಳಬೇಕಾದ್ದರಿಂದ ಎರಡು ಚಕ್ರಗಳ ವೇಗ ಬೇರೆಬೇರೆಯಾಗಲು ಬಿಡುವುದು ಅದರ ಕೆಲಸ. ಆದರೆ ಸಾಮಾನ್ಯ ಡಿಫರೆನ್ಷಿಯಲ್ಲಿಗೆ ಒಂದು ದೌರ್ಬಲ್ಯವಿದೆ: ಒಂದು ಚಕ್ರ ಕೆಸರಿನಲ್ಲಿ ಬರಿದೇ ಸುತ್ತಿದರೆ, ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಬಲ ಸಿಗುವುದಿಲ್ಲ. ಮುಂದೊಂದು ಹಿಂದೊಂದು ಚಕ್ರ ಜಾರಿದರೆ ಫೋರ್ ವೀಲ್ ಡ್ರೈವ್ ವಾಹನವೂ ನಿಂತಲ್ಲೇ ನಿಲ್ಲುತ್ತದೆ. ದಾಂಜೆಲ್ ತಮ್ಮ ಕಾರಿಗೆ ಮುಂದೆಯೂ ಹಿಂದೆಯೂ ಜಾರುವಿಕೆಗೆ ಮಿತಿ ಹಾಕುವ ಡಿಫರೆನ್ಷಿಯಲ್ ಕೊಟ್ಟರು. ಚಾಲಕ ಏನನ್ನೂ ಒತ್ತದೆ, ಎಳೆಯದೆ, ಹಿಡಿತವಿರುವ ಚಕ್ರಕ್ಕೆ ಬಲ ತಾನಾಗಿ ಹೋಗುತ್ತಿತ್ತು. ಆ ಕಾಲದ ಅನೇಕ ಹೆಸರುವಾಸಿ ಜೀಪುಗಳಲ್ಲಿ ಇಲ್ಲದ ಅನುಕೂಲ ಇದು, ಕಾರಿನ ನಿಜವಾದ ಬಲವೂ ಇದೇ.

ಒಣ ಡಾಂಬರಿನ ಮೇಲೆ ಈ ಕಾರು ಹಿಂದಿನ ಚಕ್ರಗಳಿಂದಲೇ ಓಡುತ್ತದೆ; ಬೇಕಾದಾಗ ಮುಂದಿನವನ್ನು ಸೇರಿಸಿಕೊಳ್ಳಬೇಕು. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿಯಾಗಿ ಸೇರಿದ್ದಾಗ ಒಣ ರಸ್ತೆಯಲ್ಲಿ ತಿರುವು ತೆಗೆದುಕೊಂಡರೆ, ಮುಂದಿನ ಚಕ್ರಗಳು ದೊಡ್ಡ ಸುತ್ತನ್ನು ಹಿಡಿಯುವುದರಿಂದ ಶಾಫ್ಟುಗಳು ತಿರುಚಿಕೊಂಡು ಬಿಗಿಯುತ್ತವೆ. ಮಣ್ಣಿನಲ್ಲಾದರೆ ಚಕ್ರ ಒಂದಿಷ್ಟು ಜಾರಿ ಆ ಬಿಗಿತ ಕಳೆದುಹೋಗುತ್ತದೆ. ಟ್ರಾನ್ಸ್‌ಫರ್ ಕೇಸಿನಲ್ಲಿ ಲೋ ರೇಂಜ್ ಕೂಡ ಇದೆ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ಹಳೆಯ ಜೀಪು ಓಡಿಸಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ: ದೊಡ್ಡ ಗೇರ್ ಲಿವರಿನ ಪಕ್ಕದ ಗಿಡ್ಡ ಲಿವರ್ ಎಳೆದರೆ ವೇಗ ತಗ್ಗಿ ಎಳೆತ ಏರುತ್ತದೆ, ಮಳೆಗಾಲದ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಎಂಜಿನ್ನಿನ ಹಿಡಿತದಲ್ಲೇ ವಾಹನ ಇಳಿಯುತ್ತದೆ. ಅದೇ ಕೆಲಸವನ್ನು 504 ದಾಂಜೆಲ್, ಮೆತ್ತನೆಯ ಸೀಟು ಮತ್ತು ಹೀಟರ್ ಇರುವ ಕುಟುಂಬದ ವ್ಯಾಗನ್‌ನಲ್ಲಿ ಮಾಡಿ ತೋರಿಸಿತು.

ವ್ಯಾಗನ್‌ಗಿಂತ ಪಿಕಪ್ ಹೆಚ್ಚು ಕಾಲ ಬಾಳಿತು. ಪ್ಯೂಜೊ ಯುರೋಪಿನಲ್ಲಿ 504 ಕಾರನ್ನು 1983ರಲ್ಲಿ ನಿಲ್ಲಿಸಿತಾದರೂ ಪಿಕಪ್‌ನ ತಯಾರಿಕೆ ಮುಂದುವರಿಯಿತು. ವ್ಯಾಗನ್‌ನ ಜಾಗಕ್ಕೆ 505ರ ದಾಂಜೆಲ್ ಮಾದರಿ ಬಂತು. ಗುಡ್ಡಗಾಡಿನ ರೈತರು ಮತ್ತು ಅಗ್ನಿಶಾಮಕ ದಳಗಳಂಥವರು ಇಂಥ ವಾಹನ ಹುಡುಕುತ್ತಿದ್ದವರು. ಸ್ವಾರಸ್ಯದ ಸಂಗತಿ ಎಂದರೆ, ಅದೇ ಹೊತ್ತಿಗೆ ಫ್ರೆಂಚ್ ಸೈನ್ಯಕ್ಕೆ ಪ್ಯೂಜೊ ಕಟ್ಟಿಕೊಟ್ಟ ಪಿ4 ಎಂಬ ಜೀಪು ಮರ್ಸಿಡಿಸ್ ಜಿ ವಾಹನದ ಮೈಯಲ್ಲಿ 504ರ ಎಂಜಿನ್ ಕೂರಿಸಿದ್ದಾಗಿತ್ತು. ಸೈನ್ಯಕ್ಕೆ ಎರವಲು ಮೈ, ರೈತನಿಗೆ ಊರಿನ ವರ್ಕ್‌ಶಾಪು.

ದಾಂಜೆಲ್ ಈ ದಾರಿಯ ಮೊದಲಿಗರೇನಲ್ಲ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 1931ರಲ್ಲಿ ಶುರುವಾದ ಮಾರ್ಮನ್-ಹೆರಿಂಗ್ಟನ್ ಕಂಪನಿ ಅದೇ ದಶಕದಲ್ಲಿ ಫೋರ್ಡ್ ಲಾರಿ, ಕಾರುಗಳನ್ನು ಫೋರ್ ವೀಲ್ ಡ್ರೈವ್ ಮಾಡಿಕೊಡುತ್ತಿತ್ತು; ಅದು ಮಾರ್ಪಡಿಸಿದ ಮರದ ಮೈಯ ಫೋರ್ಡ್ ವ್ಯಾಗನ್‌ಗಳನ್ನು ಸಂಗ್ರಾಹಕರು ಇಂದಿಗೂ ಹುಡುಕುತ್ತಾರೆ. ಫ್ರಾನ್ಸಿನಲ್ಲೇ ಸಿನ್‌ಪಾರ್ ಕಂಪನಿ 1960ರ ದಶಕದಿಂದ ಪುಟ್ಟ ರೆನೊ 4 ಕಾರಿಗೆ ಹಿಂದಿನ ಚಕ್ರದ ಓಟ ಸೇರಿಸುತ್ತಿತ್ತು. ಮಾರೊ ಸಹೋದರರು 1980ರ ಪ್ಯಾರಿಸ್-ಡಕಾರ್ ರ್‍ಯಾಲಿಯಲ್ಲಿ ಅಂಥದೊಂದು ರೆನೊ 4ರಲ್ಲಿ ಸಹಾರಾ ಮರಳು ದಾಟಿ ಮೂರನೇ ಸ್ಥಾನ ಪಡೆದರು. ಆಸ್ಟ್ರೇಲಿಯಾದಲ್ಲಿ ಫೋರ್ಡ್ ಕಂಪನಿಯೇ 1972ರಲ್ಲಿ ಫಾಲ್ಕನ್ ಎಕ್ಸ್‌ವೈ ಪಿಕಪ್‌ಗೆ ಜೀಪಿನ ಬಿಡಿಭಾಗ ಹಾಕಿ ನಾಲ್ಕು ಚಕ್ರ ಓಡಿಸಿತು, ಕೆಲವು ನೂರರಷ್ಟೇ ತಯಾರಾದವು. ಅದೇ ದಶಕದ ಕೊನೆಗೆ ಟಾಸ್ಮೇನಿಯಾ ದ್ವೀಪದಲ್ಲಿ ಹೋಲ್ಡನ್ ಕಾರುಗಳನ್ನು ಪರಿವರ್ತಿಸಿ ಓವರ್‌ಲ್ಯಾಂಡರ್ ಎಂಬ ಹೆಸರಿನಲ್ಲಿ ಮಾರಲಾಯಿತು.

ಇವೆಲ್ಲಕ್ಕಿಂತ ದೊಡ್ಡ ಫಲ ಕೊಟ್ಟದ್ದು ಜಪಾನಿನ ಒಂದು ಪ್ರಯೋಗ. ಉತ್ತರ ಹೊನ್ಷುವಿನ ತೋಹೊಕು ವಿದ್ಯುತ್ ಕಂಪನಿಯ ಸಿಬ್ಬಂದಿ ಹಿಮ ಸುರಿಯುವ ಬೆಟ್ಟಗಳಲ್ಲಿ ತಂತಿ ನೋಡಿಕೊಳ್ಳಲು ಜೀಪಿನಲ್ಲಿ ಹೋಗುತ್ತಿದ್ದರು. ಚಳಿಗೆ ಜೀಪು ಹಿತವಾಗಿರಲಿಲ್ಲ. ಬೆಚ್ಚಗಿನ, ಆದರೆ ಜೀಪಿನಂತೆ ಹತ್ತುವ ಕಾರು ಬೇಕೆಂದು ಅವರು ಕೇಳಿದಾಗ, ಸುಬಾರು ಕಾರುಗಳ ಡೀಲರ್ ಆಗಿದ್ದ ಮಿಯಾಗಿ ಸುಬಾರು ಸಂಸ್ಥೆ ತನ್ನ ಗ್ಯಾರೇಜಿನಲ್ಲೇ ಕೆಲಸಕ್ಕೆ ಇಳಿಯಿತು. ಎಫ್‌ಎಫ್-1 1300ಜಿ ವ್ಯಾನಿನ ಹಿಂಭಾಗಕ್ಕೆ ನಿಸ್ಸಾನ್ ಬ್ಲೂಬರ್ಡ್ ಕಾರಿನ ಡಿಫರೆನ್ಷಿಯಲ್ ತಂದು ಕೂರಿಸಿದರು. ಸುಬಾರುವಿನಲ್ಲಿ ಓಡುವುದು ಮುಂದಿನ ಚಕ್ರವಾದರೂ ಎಂಜಿನ್ ಮತ್ತು ಗೇರ್‌ಬಾಕ್ಸ್ ಉದ್ದಕ್ಕೆ ಇವೆ. ಗೇರ್‌ಬಾಕ್ಸಿನ ಬಾಲದಿಂದ ಹಿಂದಕ್ಕೆ ನೆಟ್ಟಗೆ ಒಂದು ಶಾಫ್ಟ್ ಎಳೆದರೆ ಸಾಕಿತ್ತು. ದಾಂಜೆಲ್ ಪಟ್ಟ ಪಾಡಿನ ಅರ್ಧದಷ್ಟೂ ಇಲ್ಲಿರಲಿಲ್ಲ. 1971ರ ಟೋಕಿಯೊ ಪ್ರದರ್ಶನದಲ್ಲಿ ಆ ಕಾರು ಕಾಣಿಸಿಕೊಂಡಿತು, ಎಂಟರಷ್ಟೇ ತಯಾರಾದವು. ಮರುವರ್ಷ ಕಂಪನಿಯೇ ಲಿಯೋನೆ ಫೋರ್ ವೀಲ್ ಡ್ರೈವ್ ವ್ಯಾಗನ್ ಹೊರತಂದಿತು. ಇಂದು ಸುಬಾರು ಹೆಸರಿಗೆ ಅಂಟಿಕೊಂಡಿರುವ ಕೀರ್ತಿಯ ಬೇರು ಡೀಲರನ ಆ ಗ್ಯಾರೇಜಿನಲ್ಲಿದೆ.

504 ದಾಂಜೆಲ್ ಅಪರೂಪವಾದದ್ದೇಕೆ ಎಂಬುದಕ್ಕೆ ಉತ್ತರವೂ ಇಲ್ಲೇ ಸಿಗುತ್ತದೆ. ಅದು ಬಂದ ಹೊತ್ತಿಗೆ ಅಮೆರಿಕದಲ್ಲಿ ಎಎಂಸಿ ಈಗಲ್ ಬಂದಿತ್ತು. 1980ರ ಮಾರ್ಚಿನಲ್ಲಿ ಜಿನೀವಾದಲ್ಲಿ ಆಡಿ ಕ್ವಾಟ್ರೊ ಕಾಣಿಸಿಕೊಂಡಿತ್ತು. ಕಾರ್ಖಾನೆಯ ಸಾಲಿನಿಂದಲೇ ನಾಲ್ಕು ಚಕ್ರ ಓಡುವ ಕಾರು ಹೊರಬೀಳತೊಡಗಿದ ಮೇಲೆ, ಒಮ್ಮೆ ಕಟ್ಟಿದ ಕಾರನ್ನು ಮತ್ತೆ ಬಿಚ್ಚಿ ಕಟ್ಟುವ ಖರ್ಚು ಹೊರುವವರು ಕಡಿಮೆಯಾದರು. ಕೊಂಡವರೂ ಅವನ್ನು ಶೆಡ್ಡಿನಲ್ಲಿ ಮುಚ್ಚಿಡಲಿಲ್ಲ, ದುಡಿಸಿದರು. ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು ತಗಡನ್ನು ತಿಂದಿತು, ಕಾಡಿನ ದಾರಿ ಉಳಿದದ್ದನ್ನು ಸವೆಸಿತು. ದಾಂಜೆಲ್ ಕಂಪನಿ ಮಾತ್ರ ಬೇರೆ ದಾರಿ ಹಿಡಿದು ಉಳಿದುಕೊಂಡಿತು: ಸಿಟ್ರೊಯೆನ್ ಸಿ15, ಬರ್ಲಿಂಗೊ, ಪ್ಯೂಜೊ ಪಾರ್ಟ್ನರ್‌ನಂಥ ಸರಕಿನ ವ್ಯಾನುಗಳಿಗೆ ಫೋರ್ ವೀಲ್ ಡ್ರೈವ್ ಅಳವಡಿಸುವುದೇ ಅದರ ಮುಂದಿನ ಕಸುಬಾಯಿತು.

ಹಳೆಯ ಕಾರುಗಳ ಮೇಳದಲ್ಲೋ ಫ್ರಾನ್ಸಿನ ಹಳ್ಳಿಯ ಕಣಜದ ಪಕ್ಕದಲ್ಲೋ ಇಂಥದೊಂದು ಕಂಡರೆ ಮೊದಲು ಗಮನ ಸೆಳೆಯುವುದು ಅದರ ನಿಲುವು. ಮಾಮೂಲಿ 504 ವ್ಯಾಗನ್ ಸ್ವಲ್ಪ ಹಿಂಬದಿಗೆ ಕುಸಿದಂತೆ ಕೂತಿರುತ್ತದೆ. ದಾಂಜೆಲ್ ನಾಲ್ಕೂ ಮೂಲೆಯಲ್ಲಿ ಎದ್ದು ನಿಂತಿರುತ್ತದೆ, ಟೈರ್ ಮತ್ತು ಮಡ್‌ಗಾರ್ಡ್ ನಡುವೆ ಕೈ ಸಲೀಸಾಗಿ ಆಡುವಷ್ಟು ಜಾಗ. ಟೈರ್‌ಗಳೂ ದಪ್ಪ. ಹಿಂಬಾಗಿಲ ಮೇಲೆ ದಾಂಜೆಲ್ ಹೆಸರು ಇರಬಹುದು. ಆದರೆ ಅಕ್ಷರ ನಂಬುವಂತಿಲ್ಲ. ಅಂಟಿಸಿದ್ದು ಕಳಚಿ ಬಿದ್ದಿರಬಹುದು, ಇಲ್ಲದ ಕಾರಿಗೆ ಯಾರೋ ಅಂಟಿಸಿಯೂ ಇರಬಹುದು. ಸ್ಪ್ರಿಂಗ್ ಬದಲಿಸಿ ಎತ್ತರಿಸಿ, ಮುಂದೊಂದು ಕಬ್ಬಿಣದ ಗಾರ್ಡ್ ಬಿಗಿದ ಸಾಧಾರಣ 504ಗಳೂ ಇವೆ, ಆಫ್ರಿಕದಲ್ಲಂತೂ ಧಾರಾಳ.

ಆದ್ದರಿಂದ ಮಂಡಿಯೂರಿ ಕೆಳಗೆ ನೋಡಬೇಕು. ಮುಂದಿನ ಚಕ್ರದ ನಟ್ಟನಡುವೆ ಮಾಮೂಲಿ ಕಾರಿನಲ್ಲಿ ಬೇರಿಂಗ್ ಮುಚ್ಚುವ ಪುಟ್ಟ ತಗಡಿನ ಟೋಪಿ ಇರುತ್ತದೆ. ಓಡುವ ಚಕ್ರವಾದರೆ ಅಲ್ಲಿ ಶಾಫ್ಟಿನ ತುದಿ, ಅದನ್ನು ಬಿಗಿದ ದಪ್ಪ ನಟ್ಟು. ಚಕ್ರದ ಒಳಬದಿಗೆ ಕಣ್ಣು ಹಾಯಿಸಿದರೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್, ಅದರಿಂದ ನಡುವಿನ ಹೌಸಿಂಗಿನ ಕಡೆಗೆ ಹೋಗುವ ಶಾಫ್ಟು. ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಎರಕದ ಪೆಟ್ಟಿಗೆ, ಅದರಿಂದ ಮುಂದಕ್ಕೆ ಓಡುವ ಎರಡನೇ ಶಾಫ್ಟು. ಒಳಗೆ ಚಾಲಕನ ಪಕ್ಕದಲ್ಲಿ ಟ್ರಾನ್ಸ್‌ಫರ್ ಕೇಸಿನ ಲಿವರ್. ಇವೆಲ್ಲ ಇದ್ದರೆ ಅನುಮಾನಕ್ಕೆ ಎಡೆಯಿಲ್ಲ. ಕೆಳಗೆ ಹೌಸಿಂಗ್ ಮಾತ್ರ ಇದ್ದು ಶಾಫ್ಟು ಕಾಣದಿದ್ದರೆ, ಹಿಂದಿನ ಮಾಲೀಕರೊಬ್ಬರು ಯಾವುದೋ ಕಾರಣಕ್ಕೆ ಅದನ್ನು ಬಿಚ್ಚಿ ಹಾಕಿರಬಹುದು.

ಕೊಳ್ಳುವ ಆಲೋಚನೆ ಇದ್ದರೆ ನೋಡಬೇಕಾದ್ದು ಇನ್ನೂ ಇದೆ. ರಬ್ಬರ್ ಬೂಟ್ ಹರಿದಿದ್ದರೆ ಒಳಗಿನ ಗ್ರೀಸಿಗೆ ಮಣ್ಣು ಬೆರೆತು ಜಾಯಿಂಟು ಸವೆದಿರುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಓಡಿಸಿದರೆ ಟಕಟಕ ಸದ್ದು ಬರುತ್ತದೆ. ಫೋರ್ ವೀಲ್ ಹಾಕಿ ನೋಡುವ ಪರೀಕ್ಷೆಯನ್ನು ಮಣ್ಣು ಅಥವಾ ಜಲ್ಲಿ ನೆಲದ ಮೇಲೆ ಮಾಡಬೇಕು, ಡಾಂಬರಿನ ಮೇಲಲ್ಲ. ಲಿವರ್ ಲೋ ರೇಂಜಿಗೆ ಬೀಳುತ್ತದೆಯೇ, ಬಿದ್ದದ್ದು ಎಳೆತದಲ್ಲಿ ಜಿಗಿದು ಹೊರಬರುತ್ತದೆಯೇ ಎಂದು ಗಮನಿಸಬೇಕು. ಸಸ್ಪೆನ್ಷನ್ ಸೇರುವ ಜಾಗಗಳಲ್ಲಿ ತುಕ್ಕು ಹಿಡಿದಿದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು, ಏಕೆಂದರೆ ಹೆಚ್ಚುವರಿ ಯಂತ್ರಗಳ ಭಾರವೆಲ್ಲ ಬೀಳುವುದು ಅಲ್ಲೇ. ಎಂಜಿನ್, ಬ್ರೇಕು, ಬಾಗಿಲು, ಗಾಜು ಇವು ಹೇಗೋ ಸಿಕ್ಕುತ್ತವೆ. ಲಕ್ಷಗಟ್ಟಲೆ ತಯಾರಾದ ಕಾರು 504. ಟ್ರಾನ್ಸ್‌ಫರ್ ಕೇಸಿನ ಗೇರು, ಮುಂದಿನ ಡಿಫರೆನ್ಷಿಯಲ್ಲಿನ ಹೌಸಿಂಗು, ಮುಂದಿನ ಹಬ್ಬುಗಳು ಈ ಪರಿವರ್ತನೆಗೆಂದೇ ಮಾಡಿದವು. ಅವು ಒಡೆದಿದ್ದರೆ ಇನ್ನೊಂದು ದಾಂಜೆಲ್ ಬಿಚ್ಚಿದಾಗ ಸಿಗಬೇಕು, ಇಲ್ಲವೇ ಲೇತಿನಲ್ಲಿ ಹೊಸದಾಗಿ ಕಡೆಸಬೇಕು.